ಹೌದೋ ಅಲ್ಲವೋ ಎಂದು ಕೇಳಬೇಡಿ

ಬೆಂಗಳೂರಿನ ಉತ್ತರಕ್ಕೆ, ಚಿಕ್ಕಬಾಣಾವರ ದಾಟಿ ಹೆಸರಘಟ್ಟದ ದಾರಿ ಹಿಡಿದರೆ ಸಿಗುವ ಸೋಲದೇವನಹಳ್ಳಿಯಲ್ಲಿ ಈಗ ಎರಡು ಊರುಗಳಿವೆ. ಹೊಲ ತೋಟ ಮಾಡಿಕೊಂಡಿದ್ದು, ಆಮೇಲೆ ಅದನ್ನೇ ಲೇಔಟಿಗೆ ಕೊಟ್ಟು, ಇವತ್ತಿಗೂ ಅಣ್ಣತಮ್ಮಂದಿರ ಮನೆಗಳು ಒಂದೇ ಬೀದಿಯಲ್ಲಿ ಸಾಲಾಗಿ ನಿಂತಿರುವ ಹಳೇ ಊರು ಒಂದು. ಆಚಾರ್ಯ ವಿದ್ಯಾಸಂಸ್ಥೆಗಳಿಗೆ, ಅಕ್ಕಪಕ್ಕದ ಕಾಲೇಜುಗಳಿಗೆ ಎಲ್ಲೆಲ್ಲಿಂದಲೋ ಓದಲು ಬಂದ ಹುಡುಗ ಹುಡುಗಿಯರ ಪಿ.ಜಿ.ಗಳ ಊರು ಇನ್ನೊಂದು. ಗಂಡಿನ ಮೇಲೆ ಮನಸ್ಸಾಗುವ ಗಂಡುಮಕ್ಕಳು, ಹೆಣ್ಣಿನ ಮೇಲೆ ಮನಸ್ಸಾಗುವ ಹೆಣ್ಣುಮಕ್ಕಳು ಎರಡೂ ಕಡೆ ಇದ್ದಾರೆ, ಎಲ್ಲ ಊರುಗಳಲ್ಲೂ ಇರುವ ಹಾಗೆ. ಆದರೆ ಪಿ.ಜಿ.ಯಲ್ಲಿರುವ ಇಪ್ಪತ್ತರ ಹುಡುಗನಿಗೆ ಮನೆಯಿಂದ ದೂರವಿರುವ ಅನುಕೂಲವಾದರೂ ಇದೆ. ಹಳೇ ಊರಿನ ಹದಿನಾರರ ಹುಡುಗನಿಗೆ ಅದೂ ಇಲ್ಲ. ಬಸ್‌ಸ್ಟಾಪಿನಲ್ಲಿ ಅವನು ಯಾರ ಜೊತೆ ನಿಂತಿದ್ದ ಎಂಬುದು ಅವನು ಮನೆ ಮುಟ್ಟುವ ಮೊದಲೇ ದೊಡ್ಡಪ್ಪನ ಕಿವಿಗೆ ಬಿದ್ದಿರುತ್ತದೆ.

ಈ ಲೇಖನ ಹೆಚ್ಚಾಗಿ ಈ ಎರಡನೆಯ ಹುಡುಗನನ್ನು ಕುರಿತದ್ದು.

ತರಗತಿಯಲ್ಲಿ ಅವನಿಗೆ ಬೀಳುವ ಹೆಸರುಗಳು ನಮಗೆಲ್ಲ ಗೊತ್ತಿರುವವೇ. ಒಂಬತ್ತು, ಚಕ್ಕಾ, ಹೆಣ್ಣಿಗ. ಈಚೆಗೆ ‘ಗೇ’ ಕೂಡ ಬೈಗುಳದ ಸಾಲಿಗೆ ಸೇರಿದೆ. ಧ್ವನಿ ಒಡೆಯುವುದು ತಡವಾದರೆ, ನಡಿಗೆ ಮೆದುವಾಗಿದ್ದರೆ, ಮೈದಾನಕ್ಕಿಂತ ಹಾಡು ಕುಣಿತ ಇಷ್ಟವಾದರೆ ಇಂಥದ್ದೊಂದು ಹೆಸರು ಅಂಟಿಕೊಳ್ಳುತ್ತದೆ. ಆಮೇಲೆ ನಡೆಯುವುದೆಲ್ಲ, ಮೇಷ್ಟರಾದವರು ನೋಡಿಯೂ ನೋಡದ ಹಾಗೆ ಇದ್ದುಬಿಡಬಹುದಾದಷ್ಟು ಸಣ್ಣ ಸಣ್ಣ ಸಂಗತಿಗಳು. ಬೆಂಚಿನಲ್ಲಿ ಪಕ್ಕಕ್ಕೆ ಯಾರೂ ಕೂರುವುದಿಲ್ಲ. ಶೌಚಾಲಯಕ್ಕೆ ಹೋದರೆ ನಾಲ್ಕು ಜನ ಹಿಂದೆ ಬರುತ್ತಾರೆ. ಅದಕ್ಕೇ ಅವನು ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾನೆ. ಪಿ.ಟಿ. ಪೀರಿಯಡ್ ಇರುವ ದಿನ ಹೊಟ್ಟೆನೋವು ಬರುತ್ತದೆ. ಹಾಜರಾತಿ ಕುಸಿಯುತ್ತದೆ, ಅಂಕ ಇಳಿಯುತ್ತದೆ. ಆಗ ಮನೆಗೆ ಫೋನ್ ಹೋಗುತ್ತದೆ, ಹಾಜರಾತಿಯ ಬಗ್ಗೆ ಮಾತ್ರ.

ಇಂಥ ಮಗುವಿಗೆ ನೆರವಾಗಬೇಕೆಂದು ಹೊರಡುವ ಒಳ್ಳೆಯ ಮನಸ್ಸಿನ ಹಿರಿಯರು ಕೂಡ ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೊಂದಿದೆ. ಅವನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು, ‘ನಿಜ ಹೇಳಪ್ಪ, ನೀನು ಹಾಗೇನಾ?’ ಎಂದು ಕೇಳುತ್ತಾರೆ. ಕೇಳುವವರ ಉದ್ದೇಶ ಕೆಟ್ಟದ್ದಲ್ಲ. ಆದರೂ ಆ ಪ್ರಶ್ನೆಯನ್ನು ಕೇಳಲೇಬಾರದು ಎಂಬುದು ನನ್ನ ವಾದ. ಮಗುವನ್ನು ಕಾಪಾಡುವುದಕ್ಕೆ ಅದು ಏನೆಂದು ತಿಳಿದುಕೊಳ್ಳಬೇಕಾದ ಅಗತ್ಯವಿಲ್ಲ.

ಒಬ್ಬ ಹುಡುಗನನ್ನು ಕರಿಯ ಎಂದು ನಾಲ್ಕು ಜನ ಹೀಯಾಳಿಸಿದರೆ, ಅವನ ಮೈಬಣ್ಣ ನಿಜವಾಗಿ ಎಷ್ಟು ಕಪ್ಪು ಎಂದು ಯಾವ ಮೇಷ್ಟರೂ ಬೆಳಕಿಗೆ ಹಿಡಿದು ನೋಡುವುದಿಲ್ಲ, ಹೀಯಾಳಿಸಿದವರನ್ನು ಹಿಡಿಯುತ್ತಾರೆ. ಇಲ್ಲಿ ಮಾತ್ರ ತನಿಖೆ ಏಟು ತಿಂದವನ ಮೇಲೆ ಶುರುವಾಗುತ್ತದೆ. ಹೆಣ್ಣಿಗ ಎಂದು ಕರೆಸಿಕೊಳ್ಳುವ ಹುಡುಗರಲ್ಲಿ ಎಷ್ಟೋ ಜನ ಸಲಿಂಗಿಗಳಲ್ಲ. ಮುಂದೆ ಹುಡುಗಿಯರನ್ನೇ ಪ್ರೀತಿಸಿ ಮದುವೆಯಾಗಿ ಮಕ್ಕಳೊಂದಿಗರಾಗುವವರು ಅವರಲ್ಲಿ ಬೇಕಾದಷ್ಟು. ನಿಜವಾಗಿ ಸಲಿಂಗಿಯಾದ ಹುಡುಗನೊಬ್ಬ ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ, ಕಬಡ್ಡಿ ತಂಡದ ಬನಿಯನ್ ತೊಟ್ಟುಕೊಂಡು, ಎಲ್ಲರಿಗಿಂತ ಜೋರಾಗಿ ನಗುತ್ತಿರಬಹುದು. ಅವನ ನಗುವಿನ ಹಿಂದಿರುವ ಭಯ ಯಾರಿಗೂ ಕಾಣುವುದಿಲ್ಲ. ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಈ ಇಬ್ಬರಲ್ಲಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಮೇಷ್ಟರು ಪಾಠ ನಿಲ್ಲಿಸಿ, ಎಲ್ಲರ ಎದುರಿಗೇ ‘ಆ ಮಾತು ನನ್ನ ತರಗತಿಯಲ್ಲಿ ಬೇಡ’ ಎಂದು ಗದರಿದರೆ ಮಾತ್ರ ಮುಂದಿನ ಬೆಂಚಿನವನಿಗೂ ಹಿಂದಿನ ಬೆಂಚಿನವನಿಗೂ ಒಟ್ಟಿಗೇ ತಲುಪುತ್ತದೆ. ಅದೂ ಅಲ್ಲದೆ ಹದಿನಾಲ್ಕು ಹದಿನೈದರ ಮಗುವಿಗೆ ತನ್ನ ಬಗ್ಗೆ ತನಗೇ ಖಾತ್ರಿ ಇರಬೇಕೆಂದೇನೂ ಇಲ್ಲ. ‘ಈ ವಯಸ್ಸಿನ ಗೊಂದಲ, ಆಮೇಲೆ ಸರಿಹೋಗುತ್ತೆ’ ಎನ್ನುವವರ ಮಾತನ್ನೇ ಒಪ್ಪಿಕೊಳ್ಳೋಣ. ಗೊಂದಲದಲ್ಲಿರುವ ಮಗುವನ್ನು ಶೌಚಾಲಯದ ಗೋಡೆಗೆ ಒತ್ತಿ ಹೊಡೆಯಬಹುದು ಎಂದು ಅದರ ಅರ್ಥವಲ್ಲವಲ್ಲ.

ಯುನೆಸ್ಕೊ 2019ರಲ್ಲಿ ತಮಿಳುನಾಡಿನ ಲೈಂಗಿಕ ಅಲ್ಪಸಂಖ್ಯಾತ ಯುವಜನರ ಶಾಲೆಯ ದಿನಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಅದರಲ್ಲಿ ಮಾತಾಡಿದವರ ಪೈಕಿ ಶೇ 60ರಷ್ಟು ಮಂದಿ ಮಾಧ್ಯಮಿಕ, ಪ್ರೌಢಶಾಲೆಯ ಹಂತದಲ್ಲಿ ದೈಹಿಕ ಕಿರುಕುಳ ಅನುಭವಿಸಿದವರು. ಶಾಲೆಯವರಿಗೆ ದೂರು ಕೊಟ್ಟವರು ಶೇ 18 ಮಾತ್ರ. ಮೂರರಲ್ಲಿ ಒಬ್ಬರು ಶಾಲೆ ಬಿಟ್ಟದ್ದಕ್ಕೆ ಈ ಕಾಟವೇ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ನನಗೆ ಇದರಲ್ಲಿ ಹೆಚ್ಚು ಹೇಳುವ ಸಂಖ್ಯೆ ಮಧ್ಯದ್ದು. ದೂರು ಕೊಡಬೇಕಾದರೆ ಮೊದಲು ‘ಯಾಕೆ ಹಾಗಂತಾರೆ ನಿನ್ನ?’ ಎಂಬ ಪ್ರಶ್ನೆಯನ್ನು ದಾಟಬೇಕು. ಅದಕ್ಕೆ ಹೆದರಿ ಉಳಿದವರು ಬಾಯಿ ಮುಚ್ಚಿಕೊಂಡರು.

ದೂರು ಕೊಟ್ಟರೂ ಆಗುವುದೇನು? 2022ರ ಫೆಬ್ರವರಿಯಲ್ಲಿ ದೆಹಲಿ ಪಕ್ಕದ ಫರೀದಾಬಾದಿನಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಜೀವ ಕಳೆದುಕೊಂಡ. ಅವನ ತಾಯಿ ಅದೇ ಶಾಲೆಯಲ್ಲಿ ಶಿಕ್ಷಕಿ. ಸಹಪಾಠಿಗಳ ಕಾಟದ ಬಗ್ಗೆ ಶಾಲೆಗೆ ಮೊದಲೇ ತಿಳಿಸಿದ್ದೆ ಎಂದು ಅವರು ಹೇಳಿದರು. ಪ್ರಕರಣ ಪೊಲೀಸ್ ಠಾಣೆಯ ಮೆಟ್ಟಿಲೇರಿತು. ಮರುವರ್ಷ ನವೆಂಬರ್‌ನಲ್ಲಿ ಉಜ್ಜಯಿನಿಯಲ್ಲಿ ಹದಿನಾರರ ಇನ್ನೊಬ್ಬ. ತಾನೇ ಮೇಕಪ್ ಕಲೆ ಕಲಿತು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದವನು, ದೀಪಾವಳಿಗೆ ಸೀರೆಯುಟ್ಟ ಒಂದು ರೀಲ್ ಹಾಕಿದ. ಅದರ ಕೆಳಗೆ ಗುರುತು ಪರಿಚಯವಿಲ್ಲದವರು ಸಾವಿರಗಟ್ಟಲೆ ಬೈಗುಳ ಬರೆದರು. ಅವನು ಹೋದ ಮೇಲೂ ಬರೆಯುವುದನ್ನು ನಿಲ್ಲಿಸಲಿಲ್ಲ. ಈ ಸಾವುಗಳನ್ನು ನಾನಿಲ್ಲಿ ಹೇಳುತ್ತಿರುವುದು ಸಾವೇ ಇಂಥ ಮಕ್ಕಳ ದಾರಿ ಎನ್ನುವುದಕ್ಕಲ್ಲ, ಅದು ಸುಳ್ಳು. ಬಹುಪಾಲು ಮಕ್ಕಳು ಬದುಕುತ್ತಾರೆ, ಬೆಳೆಯುತ್ತಾರೆ, ನಮ್ಮ ನಿಮ್ಮ ನಡುವೆ ಕೆಲಸ ಮಾಡಿಕೊಂಡಿದ್ದಾರೆ. ಆದರೆ ಅವರಿಗೆ ಶಾಲೆ ಕಲಿಸಿದ ಮೊದಲ ಪಾಠ ಅಡಗಿಕೊಳ್ಳುವುದು.

ಕಾನೂನು ಎಲ್ಲಿದೆ ಎಂದು ಹುಡುಕಿದರೆ ಒಂದು ವಿಚಿತ್ರ ಕಾಣುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಆದರೆ ಆ ಕಾಯ್ದೆಯ ಕೈ ಚಾಚುವುದು ಹದಿನಾಲ್ಕು ವರ್ಷದವರೆಗೆ, ಎಂಟನೇ ತರಗತಿಯವರೆಗೆ. ಅತ್ತ ಪದವಿ ಕಾಲೇಜುಗಳಿಗೆ ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಗಳಿವೆ. ಅವೂ ಬಂದದ್ದು 2009ರಲ್ಲೇ, ಹಿಮಾಚಲ ಪ್ರದೇಶದ ಒಬ್ಬ ವೈದ್ಯ ವಿದ್ಯಾರ್ಥಿಯ ಸಾವಿನ ನಂತರ. 2016ರ ಜೂನ್‌ನಲ್ಲಿ ಯುಜಿಸಿ ಅದಕ್ಕೊಂದು ತಿದ್ದುಪಡಿ ತಂದು, ಬಣ್ಣ, ಜಾತಿ, ಧರ್ಮ, ಭಾಷೆ, ಹುಟ್ಟಿದ ಊರುಗಳ ಜೊತೆಗೆ ಲಿಂಗತ್ವ ಮತ್ತು ಲೈಂಗಿಕ ಒಲವಿನ ಕಾರಣಕ್ಕೆ ಸತಾಯಿಸುವುದೂ, ದೂರ ಇಡುವುದೂ ರ‍್ಯಾಗಿಂಗೇ ಎಂದು ಬರೆಯಿತು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಸೆಕ್ಷನ್ ಇನ್ನೂ ಜಾರಿಯಲ್ಲಿದ್ದಾಗಲೇ ಬರೆಯಿತು ಎಂಬುದನ್ನು ಗಮನಿಸಬೇಕು. ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದದ್ದು ಅದಾಗಿ ಎರಡು ವರ್ಷದ ಮೇಲೆ, 2018ರ ಸೆಪ್ಟೆಂಬರ್ 6ರಂದು. ಒಂದು ಕಡತ ನ್ಯಾಯಾಲಯಕ್ಕಿಂತ ಮುಂದೆ ಹೋದ ಅಪರೂಪದ ಸಂದರ್ಭ ಅದು.

ಈಗ ನಡುವಿನ ಜಾಗ ನೋಡಿ. ಒಂಬತ್ತನೇ ತರಗತಿಯಿಂದ ದ್ವಿತೀಯ ಪಿ.ಯು.ವರೆಗೆ, ಅಂದರೆ ಹದಿನಾಲ್ಕರಿಂದ ಹದಿನೆಂಟು. ಮೀಸೆ ಮೂಡುವ, ಮನಸ್ಸು ಎತ್ತ ವಾಲುತ್ತದೆಂದು ತಿಳಿಯುವ, ಗುಂಪು ಕಟ್ಟಿಕೊಂಡು ಬಡಿಯುವ ನಾಲ್ಕು ವರ್ಷ. ಶಿಕ್ಷಣ ಹಕ್ಕು ಕಾಯ್ದೆ ಅಲ್ಲಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ, ಯುಜಿಸಿ ನಿಯಮ ಇನ್ನೂ ಶುರುವಾಗಿರುವುದಿಲ್ಲ. ಪೂರ್ತಿ ಬರಿದಾಗಿದೆ ಎಂದಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್ ನಿಷೇಧವಿದೆ. ವಿದ್ಯಾರ್ಥಿಯ ಮಾನಕ್ಕೆ ಕುಂದು ತರುವುದು, ಅವನನ್ನು ಅಪಹಾಸ್ಯಕ್ಕೆ ಈಡುಮಾಡುವುದು ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಆದರೆ ನಲವತ್ತು ವರ್ಷದ ಹಿಂದಿನ ಆ ಮಾತನ್ನು ಓದಿ, ‘ಒಂಬತ್ತು ಎಂದು ಕರೆಯುವುದೂ ಇದರಲ್ಲಿ ಬಂತು’ ಎಂದು ತಾವಾಗಿಯೇ ಅರ್ಥಮಾಡಿಕೊಳ್ಳುವ ಪ್ರಿನ್ಸಿಪಾಲರು ಎಷ್ಟು ಮಂದಿ? ಪಿ.ಯು. ಮತ್ತು ಪದವಿ ಎರಡನ್ನೂ ಒಂದೇ ಆವರಣದಲ್ಲಿ ನಡೆಸುವ ಸಂಸ್ಥೆಗಳು ಬೆಂಗಳೂರಿನ ಉತ್ತರಕ್ಕೂ ಇವೆ, ರಾಜ್ಯದ ತುಂಬ ಇವೆ. ಅಲ್ಲಿ ಎರಡನೇ ಮಹಡಿಯ ಬಿ.ಕಾಂ. ಹುಡುಗನಿಗೆ ಹೆಸರಿಟ್ಟು ರಕ್ಷಣೆ ಕೊಡುವ ನಿಯಮವಿದೆ, ರ‍್ಯಾಗಿಂಗ್ ತಡೆ ಸಮಿತಿ ಇದೆ, 1800-180-5522 ಎಂಬ ಸಹಾಯವಾಣಿ ಇದೆ. ಮೊದಲನೇ ಮಹಡಿಯ ಪಿ.ಯು. ಹುಡುಗನಿಗೆ ಇರುವುದು ಲೆಕ್ಚರರ ಒಳ್ಳೆಯತನ ಮಾತ್ರ, ಅದೂ ಇದ್ದರೆ.

ಇಬ್ಬರಲ್ಲಿ ಚಿಕ್ಕವನು ಯಾರೆಂದು ಹೇಳಬೇಕಾಗಿಲ್ಲ.

ಹಾಗೆಂದು ದೊಡ್ಡವನದೂ ಪೂರ್ತಿ ಭದ್ರವೇನಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಸೆಕ್ಷನ್ನೇ ಇಲ್ಲ. ಸಮ್ಮತಿಯ ಭಾಗ ಹೋದದ್ದು ಸರಿ. ಅದರ ಜೊತೆಗೆ, ಹಾಸ್ಟೆಲಿನಲ್ಲಿ ಹತ್ತೊಂಬತ್ತರ ಹುಡುಗನ ಮೇಲೆ ಇತರ ಗಂಡಸರು ಬಲಾತ್ಕಾರ ಎಸಗಿದರೆ ಆ ಸೆಕ್ಷನ್ನಿನಡಿ ದೂರು ದಾಖಲಿಸುವ ದಾರಿಯೂ ಹೋಯಿತು. ಹದಿನೆಂಟರೊಳಗಿನವರಿಗೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಇದೆ, ಗಂಡು ಹೆಣ್ಣೆಂಬ ಭೇದ ಅದಕ್ಕಿಲ್ಲ.

ಈ ಪೋಕ್ಸೊ ವಿಷಯದಲ್ಲಿ ಶಿಕ್ಷಕರಿಗೆ ಇರುವ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದೂ ಸುಮ್ಮನಿದ್ದರೆ ಸುಮ್ಮನಿದ್ದವರ ಮೇಲೇ ಕೇಸು. 19 ಮತ್ತು 21ನೇ ಸೆಕ್ಷನ್‌ಗಳು ಹಾಗೆ ಹೇಳುತ್ತವೆ. ಹದಿನೆಂಟರೊಳಗಿನ ಸಮ್ಮತಿಯನ್ನು ಆ ಕಾಯ್ದೆ ಸಮ್ಮತಿಯೆಂದೇ ಎಣಿಸುವುದಿಲ್ಲ. ಆದ್ದರಿಂದ ‘ಈ ಉಸಾಬರಿಯೇ ಬೇಡ’ ಎಂದು ಆಪ್ತಸಲಹೆಗಾರರೂ ಹಿಂದೆ ಸರಿಯುತ್ತಾರೆ. ಆದರೆ ಒಬ್ಬ ಹುಡುಗ ಬಂದು ‘ಸಾರ್, ನನಗೆ ಹುಡುಗರು ಇಷ್ಟ’ ಎಂದರೆ ಅಲ್ಲಿ ಯಾವ ಅಪರಾಧವೂ ನಡೆದಿಲ್ಲ, ಯಾರಿಗೂ ವರದಿ ಮಾಡಬೇಕಾದ್ದಿಲ್ಲ. ಇಷ್ಟು ಸರಳವಾದ ಮಾತನ್ನು ಇಲಾಖೆ ಒಂದು ಹಾಳೆಯಲ್ಲಿ ಬರೆದು ಕಳಿಸಿದ್ದರೆ ಎಷ್ಟೋ ಮೇಷ್ಟರುಗಳು ಧೈರ್ಯ ಮಾಡುತ್ತಿದ್ದರು.

ಹಾಳೆಗಳ ಕತೆಯೂ ಒಂದಿದೆ. 2007ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಬೇಡವೆಂದು ತಳ್ಳಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ನಮ್ಮ ಮಕ್ಕಳು ಕೆಡುತ್ತಾರೆ ಎಂಬುದು ಅಂದಿನ ಆಕ್ಷೇಪ. 2021ರಲ್ಲಿ ಎನ್‌ಸಿಇಆರ್‌ಟಿ ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನಡೆಸಿಕೊಳ್ಳಬೇಕೆಂದು ಶಿಕ್ಷಕರಿಗೊಂದು ಕೈಪಿಡಿ ತಂದಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದು ಜಾಲತಾಣದಿಂದ ಮಾಯವಾಯಿತು. ಮಕ್ಕಳ ಕೈಗೆ ಕೊಡುವ ಪುಸ್ತಕವಲ್ಲ ಅದು, ಮೇಷ್ಟರುಗಳಿಗಾಗಿ ಬರೆದದ್ದು. 2007ಕ್ಕೂ ಈಗಕ್ಕೂ ನಡುವೆ ಹುಡುಗರ ಕೈಗೆ ಫೋನ್ ಬಂದಿದೆ; ಯಾರೂ ಹೇಳಬಾರದು ಎಂದುಕೊಂಡದ್ದನ್ನೆಲ್ಲ ಅದು ಹೇಳಿದೆ, ಅತ್ಯಂತ ಕೆಟ್ಟ ರೀತಿಯಲ್ಲಿ. ಸುಮ್ಮನೆ ಉಳಿದವರು ಶಿಕ್ಷಕರು ಮಾತ್ರ.

ಪರದೇಶದಿಂದ ಬಂದ ಚಾಳಿ ಎಂಬ ವಾದಕ್ಕೆ ಹೆಚ್ಚು ಜಾಗ ಕೊಡಲಾರೆ. ಪರದೇಶದಿಂದ ಬಂದದ್ದು 377, 1860ರಲ್ಲಿ, ಬ್ರಿಟಿಷರ ಪೆಟ್ಟಿಗೆಯಲ್ಲಿ.

ನಮ್ಮದೇ ನೆಲದಲ್ಲಿ ಏನಿತ್ತು ಎಂಬುದು ಅದಕ್ಕಿಂತ ಕುತೂಹಲದ ಪ್ರಶ್ನೆ. ಯಕ್ಷಗಾನದ ಸ್ತ್ರೀವೇಷಕ್ಕೆ, ಕಂಪನಿ ನಾಟಕಗಳಲ್ಲಿ ಹೆಣ್ಣಿನ ಪಾತ್ರ ಮಾಡುತ್ತಿದ್ದ ಗಂಡು ನಟರಿಗೆ ನಮ್ಮ ಜನ ರಾತ್ರಿಯಿಡೀ ಕೂತು ತಲೆದೂಗಿದ್ದಾರೆ. ಅದೇ ಬಳುಕು ತರಗತಿಯಲ್ಲಿ ಕಂಡರೆ ಕಲ್ಲು ಎತ್ತುತ್ತಾರೆ. ರಂಗದ ಮೇಲೆ ಒಪ್ಪಿಗೆ, ಬೀದಿಯಲ್ಲಿ ಇಲ್ಲ. ಹೆಣ್ಣಾಗಿಯೇ ಬದುಕಬೇಕೆನಿಸಿದ ಹುಡುಗರಿಗೆ ಉತ್ತರ ಕರ್ನಾಟಕದಲ್ಲಿ ಜೋಗಪ್ಪ, ಜೋಗತಿಯರ ಪಂಥದಲ್ಲಿ ಒಂದು ಜಾಗವಿತ್ತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಹದಿಹರೆಯದಲ್ಲೇ ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು, ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಜಾಗಕ್ಕೆ ತೆರಬೇಕಾದ ಬೆಲೆ ಮನೆಯನ್ನೇ ಬಿಡುವುದು. ಗಂಡಾಗಿಯೇ ಉಳಿದು ಗಂಡನ್ನು ಪ್ರೀತಿಸುವ ಹುಡುಗನಿಗೆ ಅಂಥ ಜಾಗ ಕೂಡ ನಮ್ಮ ಸಮಾಜದಲ್ಲಿ ಇರಲಿಲ್ಲ. ಅವನು ಮನೆಯಲ್ಲೇ ಉಳಿಯಬಹುದು, ಮಾತಾಡದೆ. ಇಪ್ಪತ್ತೇಳಕ್ಕೋ ಇಪ್ಪತ್ತೆಂಟಕ್ಕೋ ಒಂದು ಹೆಣ್ಣು ತಂದು ಮದುವೆ ಮಾಡಿ ‘ಎಲ್ಲ ಸರಿಹೋಯ್ತು’ ಎನ್ನುತ್ತೇವೆ. ಆ ಹೆಣ್ಣಿನ ಬದುಕಿನ ಲೆಕ್ಕ ಇಡುವವರು ಯಾರೂ ಇಲ್ಲ.

ಈ ಮೌನವನ್ನು ಕನ್ನಡದಲ್ಲಿ ಮುರಿದವರು ವಸುಧೇಂದ್ರ. ಸಂಡೂರಿನವರು, ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದವರು, ಸಾಫ್ಟ್‌ವೇರ್ ಕಂಪನಿಗಳಲ್ಲಿ ಮೇಲಿನ ಹುದ್ದೆಗೇರಿದವರು, ‘ನಮ್ಮಮ್ಮ ಅಂದ್ರೆ ನನಗಿಷ್ಟ’ ಬರೆದು ಮನೆಮನೆಗೆ ಬೇಕಾದ ಲೇಖಕರಾದವರು. ಅವರ ‘ಮೋಹನಸ್ವಾಮಿ’ ಕಥೆಗಳು ಪುಸ್ತಕವಾಗಿ ಬಂದದ್ದು 2013ರಲ್ಲಿ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ 377ಕ್ಕೆ ಮತ್ತೆ ಜೀವ ಕೊಟ್ಟಿತು. ಕಾಲ ಎಷ್ಟು ಪ್ರತಿಕೂಲವಾಗಿತ್ತು ಎಂದು ಊಹಿಸಿಕೊಳ್ಳಿ. ಪುಸ್ತಕ ಓದಿದ ಹುಡುಗರು ತಮ್ಮನ್ನು ಹುಡುಕಿಕೊಂಡು ಬಂದು ಎದೆ ಬಿಚ್ಚಿದ್ದನ್ನು ವಸುಧೇಂದ್ರ ಹೇಳಿಕೊಂಡಿದ್ದಾರೆ. ತಾವು ಖಿನ್ನತೆಗೆ ಜಾರಿ ಮೇಲೆದ್ದದ್ದನ್ನೂ ಮುಚ್ಚಿಟ್ಟಿಲ್ಲ. ಓದು, ಹಣ, ಹೆಸರು, ಭಾಷೆಯ ಮೇಲೆ ಇಂಥ ಹಿಡಿತ ಎಲ್ಲ ಇದ್ದ ಒಬ್ಬ ಮನುಷ್ಯನಿಗೆ ತನ್ನ ಬಗ್ಗೆ ಲೋಕದೆದುರು ಮಾತಾಡಲು ನಲವತ್ತು ದಾಟಬೇಕಾಯಿತು. ಹಾಗಿರುವಾಗ ಹದಿನಾರರ ಹುಡುಗನಿಂದ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಂದೇ ಮಾತಿನ ಉತ್ತರ ಕೇಳುವುದು ಎಂಥ ನ್ಯಾಯ?

ನೆರವಾಗಲು ಹೋಗಿ ಆಗುವ ದೊಡ್ಡ ಅನಾಹುತ ಇನ್ನೊಂದಿದೆ. ಹುಡುಗ ಹೇಗೋ ಧೈರ್ಯ ಮಾಡಿ ಒಬ್ಬ ಶಿಕ್ಷಕಿಯ ಬಳಿ ಹೇಳಿಕೊಳ್ಳುತ್ತಾನೆ. ಆಕೆ ಗಾಬರಿಯಾಗಿ, ಜವಾಬ್ದಾರಿ ಎಂದುಕೊಂಡು, ಅವತ್ತೇ ಅವನ ಅಪ್ಪನಿಗೆ ಫೋನ್ ಮಾಡುತ್ತಾರೆ. ಅಷ್ಟು ಹೊತ್ತಿನವರೆಗೆ ಅವನಿಗೆ ಶಾಲೆ ಒಂದೇ ನರಕವಾಗಿತ್ತು, ಈಗ ಮನೆಯೂ ಸೇರಿತು. ಪೋಷಕರಿಗೆ ತಿಳಿಸಬಾರದೆಂದು ನಾನು ಹೇಳುತ್ತಿಲ್ಲ. ಯಾವಾಗ, ಯಾರಿಗೆ, ಎಷ್ಟು ಎಂಬುದು ಮಗುವಿನ ತೀರ್ಮಾನ. ಅಪ್ಪನಿಗಿಂತ ಮೊದಲು ಅಜ್ಜಿಗೆ ಹೇಳುತ್ತೇನೆ ಎಂದರೆ ಅವನಿಗೆ ತನ್ನ ಮನೆ ನಮಗಿಂತ ಚೆನ್ನಾಗಿ ಗೊತ್ತು ಎಂದರ್ಥ. ಜೀವಕ್ಕೆ ಅಪಾಯವಿದ್ದಾಗ ಮಾತು ಬೇರೆ; ಆಗಲೂ ಮನೆಯವರಿಗೆ ಹೇಳಬೇಕಾದ್ದು ಮಗು ಸಂಕಟದಲ್ಲಿದೆ, ಒಂಟಿಯಾಗಿ ಬಿಡಬೇಡಿ ಎಂದು. ಅವನ ಗುಟ್ಟು ಹೇಳಬೇಕಾಗಿಲ್ಲ.

ತಂದೆತಾಯಿಯರ ಮೇಲೆ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ಅವರಿಗೂ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಮೊದಲು ದೇವಸ್ಥಾನ, ಹರಕೆ. ಆಮೇಲೆ ‘ಇದಕ್ಕೆ ಔಷಧಿ ಇದೆ’ ಎನ್ನುವ ಡಾಕ್ಟರು. ಔಷಧಿ ಇಲ್ಲ, ಏಕೆಂದರೆ ಕಾಯಿಲೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಅದನ್ನೇ ಸ್ಪಷ್ಟವಾಗಿ ಹೇಳಿತು. ಹೀಗೆ ‘ಸರಿಪಡಿಸುತ್ತೇನೆ’ ಎಂದು ಚಿಕಿತ್ಸೆ ನೀಡುವುದು ವೃತ್ತಿಗೆ ತಕ್ಕುದಲ್ಲದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು. ಯಾವುದೇ ಕ್ಲಿನಿಕ್ಕಿನಲ್ಲಿ ಅಂಥ ಭರವಸೆ ಕೊಟ್ಟರೆ ಎದ್ದು ಬನ್ನಿ. ದುಡ್ಡೂ ಉಳಿಯುತ್ತದೆ, ಮಗನೂ ಉಳಿಯುತ್ತಾನೆ.

ಆಯೋಗ ಆ ಮಾತು ಹೇಳುವುದಕ್ಕೆ ಕಾರಣವಾದದ್ದು ಮದ್ರಾಸ್ ಹೈಕೋರ್ಟಿನ ಒಂದು ಪ್ರಕರಣ. ಮದುರೈಯಿಂದ ಮನೆ ಬಿಟ್ಟು ಚೆನ್ನೈಗೆ ಬಂದ 
ಇಬ್ಬರು ಯುವತಿಯರು ಪೊಲೀಸರ ಕಾಟದಿಂದ ರಕ್ಷಣೆ ಕೇಳಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಕೂಡಲೇ ತೀರ್ಪು ಬರೆಯಲಿಲ್ಲ. ಈ ವಿಷಯದಲ್ಲಿ ತನಗೇ ತಿಳಿವಳಿಕೆ ಸಾಲದು ಎಂದು ತೆರೆದ ಮನಸ್ಸಿನಿಂದ ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞೆಯ ಬಳಿ ಹೋಗಿ ಕೂತು ಕಲಿತರು. 2021ರ ಜೂನ್ 7ರ ಅವರ ಆದೇಶದಲ್ಲಿ ಪೊಲೀಸರಿಗೂ ವೈದ್ಯರಿಗೂ ಮಾತ್ರವಲ್ಲ, ಶಾಲೆಗಳಿಗೂ ಸೂಚನೆಗಳಿವೆ. ಪೋಷಕರ ಸಭೆಗಳಲ್ಲಿ ಈ ಮಾತು ಎತ್ತಬೇಕೆಂಬುದೂ ಸೇರಿ. ಒಬ್ಬ ಹೈಕೋರ್ಟ್ ನ್ಯಾಯಮೂರ್ತಿ ಪಾಠ ಹೇಳಿಸಿಕೊಳ್ಳಲು ನಾಚದಿದ್ದರೆ ನಮ್ಮ ಬಿಇಒಗಳಿಗೆ, ಪ್ರಿನ್ಸಿಪಾಲರಿಗೆ ಯಾಕೆ ಸಂಕೋಚ? ಪೋಷಕರೂ ಕಲಿತಿದ್ದಾರೆ. ‘ಸ್ವೀಕಾರ್’ ಎಂಬ ಪೋಷಕರ ಗುಂಪಿನ 400ಕ್ಕೂ ಹೆಚ್ಚು ಅಪ್ಪ ಅಮ್ಮಂದಿರು 2023ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದು, ನಮ್ಮ ಮಕ್ಕಳಿಗೂ ಮದುವೆಯ ಹಕ್ಕು ಕೊಡಿ ಎಂದು ಕೇಳಿದರು. ಆ ಹಕ್ಕು ಸಿಗಲಿಲ್ಲ. ಅಷ್ಟು ಮನೆಗಳ ಬಾಗಿಲು ಮಾತ್ರ ಮಕ್ಕಳಿಗೆ ತೆರೆದೇ ಇದೆ.

ಹುಡುಗಿಯರ ಕತೆ ಬೇರೆ. ಅವರನ್ನು ತರಗತಿಯಲ್ಲಿ ಯಾರೂ ಅಷ್ಟಾಗಿ ಕಾಡುವುದಿಲ್ಲ. ಇಬ್ಬರು ಹುಡುಗಿಯರು ಕೈ ಹಿಡಿದು ನಡೆದರೆ ಗೆಳತಿಯರು ಅಂದುಕೊಳ್ಳುತ್ತಾರೆ. ತಿಳಿದ ದಿನ ಕಾಲೇಜು ಬಿಡಿಸುತ್ತಾರೆ, ಫೋನ್ ಕಿತ್ತುಕೊಳ್ಳುತ್ತಾರೆ, ಗಂಡು ಹುಡುಕುತ್ತಾರೆ. ಅವರಿಗಾಗುವ ಕಾಟ ಮನೆಯ ಒಳಗೆ, ಸದ್ದಿಲ್ಲದೆ. ಹದಿನೆಂಟರೊಳಗೆ ಮದುವೆ ಮಾಡಿದರೆ ಕರ್ನಾಟಕದಲ್ಲಿ ಅದು ಮೊದಲಿನಿಂದಲೇ ಅಸಿಂಧು ಎಂಬ ತಿದ್ದುಪಡಿ ಇದೆ. ಚೆನ್ನಾಗಿ ಓದುತ್ತಿದ್ದ ಹುಡುಗಿ ಇದ್ದಕ್ಕಿದ್ದ ಹಾಗೆ ತರಗತಿಗೆ ಬಾರದಿದ್ದರೆ ಲೆಕ್ಚರರಾದವರು ಕಾರಣ ವಿಚಾರಿಸುವುದು ಅಧಿಕಪ್ರಸಂಗವಲ್ಲ.

ಬೆಂಗಳೂರಿನಲ್ಲಿ ಸಂಘಟನೆಗಳಿಲ್ಲವೇ ಎಂದು ಕೇಳಬಹುದು. ಇವೆ, ಬಹಳ ಹಿಂದಿನಿಂದ. ‘ಗುಡ್ ಆ್ಯಸ್ ಯೂ’ ಗುಂಪು 1994ರಿಂದ, ‘ಸಂಗಮ’ 1999ರಿಂದ. ಪಿಯುಸಿಎಲ್ ಕರ್ನಾಟಕ 2001ರಲ್ಲೇ ಈ ನಗರದ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ವರದಿ ತಂದಿತ್ತು. 2008ರಿಂದ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ಆದರೆ ಇವೆಲ್ಲ ಹೆಚ್ಚಾಗಿ ದೊಡ್ಡವರವು, ಊರ ನಡುವಿನವು. ಹದಿನೆಂಟರೊಳಗಿನ ಹುಡುಗ ಬಂದರೆ ‘ಮಕ್ಕಳನ್ನು ಕೆಡಿಸುತ್ತಿದ್ದಾರೆ’ ಎಂಬ ಆರೋಪಕ್ಕೆ ಅವು ಅಂಜಬೇಕು. ಸೋಲದೇವನಹಳ್ಳಿಯ ಹುಡುಗ ಕಬ್ಬನ್ ಪಾರ್ಕಿಗೆ ಬರಬೇಕಾದರೆ ಮನೆಯಲ್ಲಿ ಒಂದು ಸುಳ್ಳು ಹೇಳಿ ಎರಡು ಬಸ್ ಹಿಡಿಯಬೇಕು. ಅವನು ದಿನವೂ ಹೋಗುವ ಜಾಗ ಶಾಲೆ, ಕಾಲೇಜು. ನೆರವು ಇರಬೇಕಾದ್ದು ಅಲ್ಲಿ.

ಅದಕ್ಕೆ ಹೊಸ ಕಾನೂನು ಬೇಡ, ಬಜೆಟ್ ಬೇಡ. ಪದವಿಪೂರ್ವ ಶಿಕ್ಷಣ ನೋಡಿಕೊಳ್ಳುವ ಇಲಾಖೆ ಯುಜಿಸಿಯ 2016ರ ಆ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿ, ಪ್ರೌಢಶಾಲೆಗೂ ಪಿ.ಯು.ಗೂ ಅನ್ವಯಿಸಿ ಒಂದು ಸುತ್ತೋಲೆ ಹೊರಡಿಸಲಿ. ದೂರು ಕೊಟ್ಟ ವಿದ್ಯಾರ್ಥಿಯ ಲೈಂಗಿಕತೆಯನ್ನು ವಿಚಾರಿಸಕೂಡದು, ಅವನ ಒಪ್ಪಿಗೆಯಿಲ್ಲದೆ ಮನೆಯವರಿಗೆ ಅದನ್ನು ತಿಳಿಸಕೂಡದು ಎಂಬ ಎರಡು ಸಾಲು ಅದರಲ್ಲಿ ಇರಲಿ. ಹೊಡೆದವನನ್ನು ಟಿ.ಸಿ. ಕೊಟ್ಟು ಕಳಿಸುವುದು ನನಗೆ ಇಷ್ಟವಿಲ್ಲದ ಮಾತು; ಅವನೂ ಹದಿನಾರರವನೇ, ಆ ಬೈಗುಳ ಅವನಿಗೆ ಮನೆಯಿಂದಲೋ ಟಿ.ವಿ.ಯ ಹಾಸ್ಯದಿಂದಲೋ ಬಂದದ್ದು. ಆದರೆ ಅವನಿಗೆ ತಪ್ಪು ಎಂದು ಗೊತ್ತಾಗಬೇಕು, ಎಲ್ಲರ ಎದುರು ಗೊತ್ತಾಗಬೇಕು.

ಇದನ್ನು ಓದುತ್ತಿರುವವರಲ್ಲಿ ಅಂಥ ಹುಡುಗನೋ ಹುಡುಗಿಯೋ ಇದ್ದರೆ ಒಂದು ಮಾತು. ಯಾವ ದಿನ, ಯಾರು, ಏನಂದರು, ಏನು ಮಾಡಿದರು ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೋ. ದೂರಿಗೆ ಅಷ್ಟು ಸಾಕು. ನೀನು ಯಾರನ್ನು ಇಷ್ಟಪಡುತ್ತೀಯ ಎಂದು ಅದರಲ್ಲಿ ಬರೆಯಬೇಕಾಗಿಲ್ಲ, ಕೇಳಿದರೂ ಹೇಳಬೇಕಾಗಿಲ್ಲ. ನಂಬಿಕೆಯ ಒಬ್ಬ ಗೆಳೆಯ ಸಿಕ್ಕರೆ ಅವನ ಜೊತೆ ಬಿಡಬೇಡ. ಯಾರೂ ಇಲ್ಲ ಎನಿಸಿದ ರಾತ್ರಿ, ಬದುಕೇ ಬೇಡ ಎನಿಸಿದ ರಾತ್ರಿ, ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ಹದಿನೆಂಟರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಎರಡೂ ಉಚಿತ, ಹಗಲು ರಾತ್ರಿ ತೆರೆದಿರುತ್ತವೆ, ಕನ್ನಡದಲ್ಲೇ ಮಾತಾಡಬಹುದು.